ಖಾಲಿ ಓಟ

ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕತ್ತರಿ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ. ನಾನು ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟಿದ್ದೇನೆ. ನಗರದ ಬಸ್ ಸಂಸ್ಥೆಯಲ್ಲಿ ಅನುದಾನ ಮತ್ತು ಬಜೆಟ್ ವಿಭಾಗ ನನ್ನದು. ಹಣ ಎಲ್ಲಿಂದ ಬರುತ್ತದೆ, ಯಾವ ಷರತ್ತಿನ ಮೇಲೆ ಬರುತ್ತದೆ, ಎಲ್ಲಿ ಉಳಿಸಬಹುದು ಎಂದು ನೋಡುವುದೇ ಕೆಲಸ. ಹದಿನೇಳು ವರ್ಷದಲ್ಲಿ ಎಷ್ಟೋ ಖರ್ಚಿಗೆ ಕತ್ತರಿ ಹಾಕಿದ್ದೇನೆ. ಒಂದಕ್ಕೂ ನಾಚಿಕೆಪಟ್ಟವಳಲ್ಲ.

ಅವತ್ತು ಸಂಜೆ ಐದಕ್ಕೆ ಗುಡ್ಡದ ಬಡಾವಣೆಯ ಬಸ್ಸಿನ ವಾರ್ಷಿಕ ವರದಿ ಸಾರಿಗೆ ಇಲಾಖೆಗೆ ಹೋಗಬೇಕಿತ್ತು. ಐದು ಅಂದರೆ ಐದೇ. ಐದು ಗಂಟೆ ಒಂದು ನಿಮಿಷಕ್ಕೆ ಅವರ ವೆಬ್‌ಸೈಟು ಯಾರಪ್ಪ ಬಂದರೂ ತೆರೆಯುವುದಿಲ್ಲ. ಆ ಬಡಾವಣೆಗೆ ಹೋಗುವ ಮೂವತ್ತೊಂದನೇ ನಂಬರಿನ ಮೂರು ಬಸ್ಸೂ ಓಡುವುದು ಇಲಾಖೆಯ ಅನುದಾನದಿಂದ. ಷರತ್ತು ಒಂದೇ: ವರ್ಷಕ್ಕೆ ನಲವತ್ತೆಂಟು ಸಾವಿರ ಜನ ಹತ್ತಬೇಕು. ಟಿಕೆಟ್ಟಿನ ಲೆಕ್ಕ ಅವರಿಗೆ ಬೇಡ, ಬಸ್ಸಿನ ಬಾಗಿಲಲ್ಲಿ ತಲೆ ಎಣಿಸುವ ಯಂತ್ರದ ಲೆಕ್ಕ ಸಾಕು. ಒಂದು ತಲೆ ಕಡಿಮೆಯಾದರೂ ಮುಂದಿನ ಒಂದನೇ ತಾರೀಖಿನಿಂದ ಅನುದಾನ ಇಲ್ಲ, ಬಸ್ಸೂ ಇಲ್ಲ.

ನನ್ನ ಮುಂದಿದ್ದ ಸಂಖ್ಯೆ ನಲವತ್ತಮೂರು ಸಾವಿರದ ನೂರಹತ್ತು.

ಮೂರು ಸಲ ಕೂಡಿದೆ. ಕೂಡುವುದರಿಂದ ಜನ ಹುಟ್ಟುವುದಿಲ್ಲ ಎಂದು ಗೊತ್ತಿದ್ದರೂ ಕೂಡಿದೆ. ಆಮೇಲೆ ತಲೆಕೆಟ್ಟು, ಯಂತ್ರ ಕಳಿಸುವ ಮೂಲ ಪಟ್ಟಿಯನ್ನೇ ತೆರೆದೆ. ನಮಗೆ ದಿನಾ ಬರುವುದು ಸೋಸಿದ ಪಟ್ಟಿ. ಬಸ್ಸು ಡಿಪೋಗೆ ಬರಿದಾಗಿ ಹೋಗಿಬರುವುದಕ್ಕೆ ನಮ್ಮಲ್ಲಿ ಖಾಲಿ ಓಟ ಎನ್ನುತ್ತಾರೆ, ಅದರ ಎಣಿಕೆಯನ್ನು ಕಂಪ್ಯೂಟರೇ ಕಿತ್ತು ಎಸೆಯುತ್ತದೆ. ಮೂಲ ಪಟ್ಟಿಯಲ್ಲಿ ಅದೂ ಇರುತ್ತದೆ.

ಬೆಳಗಿನ ಐದೂ ನಲವತ್ತರ ಖಾಲಿ ಓಟ. ಹತ್ತಿದವರು ಇಪ್ಪತ್ತೆರಡು. ಮರುದಿನ ಇಪ್ಪತ್ತೊಂದು. ಅದರ ಮರುದಿನ ಇಪ್ಪತ್ತನಾಲ್ಕು. ವಾರಕ್ಕೊಂದು ದಿನ ಮಾತ್ರ ಸೊನ್ನೆ, ಅವತ್ತು ಬೇರೆ ಚಾಲಕ. ವರ್ಷವಿಡೀ ಹೀಗೇ. ಒಟ್ಟು ಆರು ಸಾವಿರದ ಆರುನೂರು ಜನ, ನಮ್ಮ ಕಾಗದದ ಪ್ರಕಾರ ಯಾರೂ ಇಲ್ಲದ ಬಸ್ಸಿನಲ್ಲಿ.

ಅದನ್ನು ಸೇರಿಸಿದರೆ ಗುರಿ ದಾಟುತ್ತದೆ. ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಪಕ್ಕದ ಕಾಲಂನಲ್ಲಿ ಚಾಲಕನ ಸಂಖ್ಯೆ ನೋಡಿದೆ, ನಾನೂರ ಹದಿನೇಳು. ಆ ಸಂಖ್ಯೆ ಯಾರದೆಂದು ಪಟ್ಟಿ ನೋಡಬೇಕಿರಲಿಲ್ಲ. ಓದುವಾಗ ಆರು ವರ್ಷ ನಾನು ಅಕ್ಕನ ಮನೆಯಲ್ಲೇ ಇದ್ದವಳು. ನನ್ನ ನಿದ್ದೆ ಕೆಡಬಾರದೆಂದು ಬೆಳಗಿನ ಜಾವ ದೀಪ ಹಾಕದೆ, ತಡಕಾಡಿಕೊಂಡು ಆ ಸಂಖ್ಯೆಯ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದವರು ನನ್ನ ಭಾವ.

ಖಾಲಿ ಓಟದಲ್ಲಿ ಜನರನ್ನು ಹತ್ತಿಸುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಟಿಕೆಟ್ ಇಲ್ಲ, ಕಂಡಕ್ಟರ್ ಇಲ್ಲ, ಏನಾದರೂ ಆದರೆ ವಿಮೆಯೂ ಇಲ್ಲ. ನೇರ ಅಮಾನತು, ಆಮೇಲೆ ವಿಚಾರಣೆ. ಭಾವನ ನಿವೃತ್ತಿಗೆ ಉಳಿದಿದ್ದು ಎಂಟು ತಿಂಗಳು. ವಿಚಾರಣೆ ಮುಗಿಯುವ ತನಕ ಪಿಂಚಣಿ ತಡೆಹಿಡಿಯುತ್ತಾರೆ, ಮತ್ತು ನಮ್ಮಲ್ಲಿ ವಿಚಾರಣೆ ಮುಗಿದಿದ್ದನ್ನು ನಾನಂತೂ ಕಂಡಿಲ್ಲ. ಸಂಖ್ಯೆ ಸೇರಿಸಿದರೆ ಬಸ್ಸು ಉಳಿಯುತ್ತದೆ, ಭಾವ ಮುಳುಗುತ್ತಾರೆ. ಸೇರಿಸದಿದ್ದರೆ ಭಾವ ಉಳಿಯುತ್ತಾರೆ, ಬಸ್ಸು ಹೋಗುತ್ತದೆ. ಸುಮ್ಮನೆ ಆ ಪಟ್ಟಿ ಮುಚ್ಚಿಬಿಡಲೇ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಮುಚ್ಚುವಷ್ಟರಲ್ಲಿ ಹಣಕಾಸು ನಿರ್ದೇಶಕರು ಬಾಗಿಲಲ್ಲಿದ್ದರು. ಮೃದು ಮಾತಿನ ಮನುಷ್ಯ. ಅವರು ದನಿ ತಗ್ಗಿಸಿದಷ್ಟೂ ಎದುರಿಗಿರುವವರಿಗೆ ಬೆವರು ಹೆಚ್ಚುತ್ತದೆ. ನನ್ನ ಭುಜದ ಮೇಲಿಂದ ಪರದೆ ನೋಡಿದರು, ನಿಧಾನವಾಗಿ ಓದಿದರು.

"ಒಳ್ಳೇದಾಯ್ತು ಬಿಡಿ. ಸೇರಿಸಿ."

"ಸರ್, ಇದು ಖಾಲಿ ಓಟ. ಕಾರಣ ಕೇಳ್ತಾರೆ."

"ಚಾಲಕ ನಿಯಮ ಮೀರಿ ಹತ್ತಿಸಿದ್ದಾನೆ, ಶಿಸ್ತುಕ್ರಮ ತಗೊಂಡಿದೀವಿ ಅಂತ ಬರೀರಿ. ಅವನ ಹೇಳಿಕೆ ತಗೊಂಡು ಲಗತ್ತಿಸಿ. ಈ ಓಟ ಖಾಲಿ ಅಂತ ಮಂಡಳಿ ಮಂಜೂರು ಮಾಡಿದ ನಿರ್ಣಯದ ಪ್ರತೀನೂ ಇರಲಿ. ಆಗ ತಪ್ಪು ಅವನದು, ಜನ ನಮ್ಮವರು."

"ಚಾಲಕ ನಮ್ಮ ಭಾವ, ಸರ್."

"ಗೊತ್ತು. ಅದಕ್ಕೇ ನೀವೇ ಬರೀಬೇಕು. ಬೇರೆಯವರು ಬರೆದ್ರೆ ನೀವು ಮುಚ್ಚಿಟ್ರಿ ಅಂತಾರೆ. ನಿಮ್ಮ ಬಡ್ತಿ ಫೈಲು ಬೇರೆ ನನ್ನ ಮೇಜಿನ ಮೇಲಿದೆ."

ಅಷ್ಟು ಹೇಳಿ ಹೋದರು. ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಹೋದರು, ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಭಾವನಿಗೆ ಫೋನ್ ಮಾಡಿ, ಐದೂ ನಲವತ್ತರ ಬಸ್ಸಿನ ಬಗ್ಗೆ ಹೇಳಿಕೆ ಬೇಕು, ಐದಕ್ಕೆ ಮುಂಚೆ ಕಳಿಸಬೇಕು ಎಂದೆ. ಪಾಳಿ ಮುಗಿಸಿ ಎರಡೂವರೆಗೆ ಸಮವಸ್ತ್ರದಲ್ಲೇ ಬಂದರು. ನನ್ನ ಕೋಣೆಗೆ ಅವರು ಹಿಂದೆಂದೂ ಬಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತರು, ಧೂಳಾದೀತೆಂಬಂತೆ. ಪರದೆಯನ್ನು ಅವರತ್ತ ತಿರುಗಿಸಿದೆ.

"ಇದೇನು ಭಾವ ಇದು?"

ಕನ್ನಡಕ ಹಾಕಿಕೊಂಡು ನೋಡಿದರು. "ಇಷ್ಟೂ ಜನಾನಾ?" ಎಂದರು. ದನಿಯಲ್ಲಿ ಸ್ವಲ್ಪ ಖುಷಿಯೇ ಇತ್ತು.

"ನಗಬೇಡಿ. ಯಾಕೆ ಹತ್ತಿಸಿದ್ರಿ?"

"ಆಸ್ಪತ್ರೆಗೆ ಹೋಗೋರಮ್ಮ ಅವರು. ನೆಲ ಒರೆಸೋರು, ಅಡುಗೆಮನೆಯೋರು. ಆರೂ ಕಾಲಕ್ಕೆ ಹಾಜರಿ. ಮುಂದಿನ ಬಸ್ಸು ಆರೂ ಐವತ್ತಕ್ಕೆ. ಮೊದಲನೇ ದಿನ ನಾನು ನಿಲ್ಲಿಸದೆ ಬಂದೆ. ಕನ್ನಡೀಲಿ ನೋಡಿದ್ರೆ ಎಲ್ಲಾರೂ ಬಸ್ಸಿನ ಹಿಂದೆ ಓಡ್ತಿದಾರೆ. ಎರಡನೇ ದಿನ ಬಾಗಿಲು ತೆಗೆದೆ."

"ನಿಯಮ ಗೊತ್ತಿಲ್ವಾ ನಿಮಗೆ?"

"ಬಸ್ಸು ಹೆಂಗಿದ್ರೂ ಆ ಕಡೆನೇ ಹೋಗ್ತಿತ್ತಲ್ಲ." ಜೇಬಿನಿಂದ ಪೆನ್ನು ತೆಗೆದರು. "ಎಲ್ಲಿ ಸಹಿ ಹಾಕ್ಬೇಕು, ಹೇಳು. ನಿಂಗೂ ಟೈಮ್ ಆಗ್ತಿದೆ."

ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಒಂದು ಮಾತು ಬೈದುಬಿಟ್ಟಿದ್ದರೆ ಹಗುರವಾಗುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತಿರಿ ಎಂದೆ. ಹೇಳಿಕೆಯನ್ನು ಟೈಪ್ ಮಾಡಲು ಕೂತೆ. 'ನಾನು ನಿಯಮ ಮೀರಿ' ಎಂದು ಬರೆಯುವಷ್ಟರಲ್ಲಿ ಅಕ್ಕನ ಫೋನು, ಭಾವ ಅವಳಿಗೆ ಹೇಳಿರಬೇಕು.

"ಅವರು ಅಲ್ಲಿದಾರಾ?"

"ಇದಾರೆ."

"ನೋಡು, ನಾನು ನಿನ್ನ ಹತ್ರ ಇಷ್ಟು ವರ್ಷದಲ್ಲಿ ಏನಾದ್ರೂ ಕೇಳಿದೀನಾ? ಈಗ ಕೇಳ್ತಿದೀನಿ. ಅವರ ಹೆಸರು ಬರೀಬೇಡ ಕಣೇ."

"ಅಕ್ಕ, ಬಸ್ಸು ನಿಂತು ಹೋಗುತ್ತೆ."

"ನಿಲ್ಲಲಿ," ಎಂದಳು. ತಕ್ಷಣ ಬಿಕ್ಕಿದಳು. "ಹಂಗನ್ನಬಾರದು. ಆದ್ರೂ ನಿಲ್ಲಲಿ."

ಫೋನಿಟ್ಟಾಗ ಮೂರೂ ಹತ್ತು. ಮಂಡಳಿಯ ನಿರ್ಣಯದ ಪ್ರತಿ ಬೇಕಿತ್ತಲ್ಲ, ಅದಕ್ಕೆ ದಾಖಲೆ ಕೋಣೆಗೆ ಹೋದೆ. ಕಿಟಕಿಯಿಲ್ಲದ ಕೋಣೆ, ಸೀನು ತರಿಸುವ ಧೂಳು. ಮೂವತ್ತೊಂದನೇ ನಂಬರಿನ ಫೈಲು ಕೈಗೆ ಸಿಕ್ಕಲು ಅರ್ಧ ಗಂಟೆ ಹಿಡಿಯಿತು. ಐದೂ ನಲವತ್ತರ ಬಸ್ಸನ್ನು ಖಾಲಿ ಓಟ ಮಾಡಿದ ಟಿಪ್ಪಣಿ ತೆರೆದೆ. ಇಂಧನ ಹಾಕಿಸಲು ಡಿಪೋಗೆ ಇಳಿಯುವ ಬಸ್ಸಿಗೆ ಕಂಡಕ್ಟರ್ ಯಾಕೆ, ಅವನ ಮುಂಜಾವಿನ ಭತ್ಯೆ ಉಳಿಸಬಹುದು ಎಂಬ ಅಚ್ಚುಕಟ್ಟಾದ ವಾದ. ಓದುತ್ತ ಓದುತ್ತ ಭಾಷೆ ಪರಿಚಿತವೆನಿಸಿತು. ಅನಿಸದೇ ಇದ್ದೀತೇ, ಬರೆದವಳು ನಾನೇ. ಒಂದೇ ವಾರ ಎಣಿಸಿ, ಅದೂ ಆಸ್ಪತ್ರೆ ಬಣ್ಣ ಬಳಿಯಲು ಅರ್ಧ ಮುಚ್ಚಿದ್ದ ವಾರ, ಜನ ಇಲ್ಲ ಎಂದು ಷರಾ ಬರೆದಿದ್ದೆ. ವರ್ಷಕ್ಕೆ ನೂರಾರು ಕತ್ತರಿಸುವವಳಿಗೆ ಇದು ನೆನಪಿನಲ್ಲೂ ಉಳಿದಿರಲಿಲ್ಲ. ಗುರಿಗೆ ಕಡಿಮೆ ಬಿದ್ದ ಐದು ಸಾವಿರ ಜನರನ್ನು ಕಾಗದದ ಮೇಲೆ ಬಸ್ಸಿನಿಂದ ಇಳಿಸಿದ್ದು ನನ್ನದೇ ಕೈ.

ಟಿಪ್ಪಣಿಯ ಕೊನೆಯ ಸಾಲು: 'ಮಂಡಳಿಯ ಘಟನೋತ್ತರ ಮಂಜೂರಾತಿ ಪಡೆಯಲಾಗುವುದು.' ಮೊದಲು ಮಾಡಿಬಿಡು, ಒಪ್ಪಿಗೆ ಆಮೇಲೆ ತಗೋ ಎಂಬುದಕ್ಕೆ ನಮ್ಮ ಕಚೇರಿಗಳಲ್ಲಿರುವ ಮರ್ಯಾದಸ್ಥ ಹೆಸರು ಅದು. ಪುಟ ತಿರುಗಿಸಿದೆ. ಮಂಜೂರಾತಿ ಇರಲಿಲ್ಲ. ಹಿಂದೆ ಮುಂದೆ ಹುಡುಕಿದೆ, ಮಂಡಳಿಯ ನಡಾವಳಿ ಪುಸ್ತಕವನ್ನೂ ಜಾಲಾಡಿದೆ. ವಿಷಯ ಮಂಡಳಿಯ ಮುಂದೆ ಹೋಗಿಯೇ ಇರಲಿಲ್ಲ. ಕಳಿಸಬೇಕಾದವಳು ನಾನು, ಮರೆತಿದ್ದೆ.

ಮಂಡಳಿ ಒಪ್ಪದ ತನಕ ಹಳೆಯ ವೇಳಾಪಟ್ಟಿಯೇ ವೇಳಾಪಟ್ಟಿ. ಅಂದರೆ ಆ ಓಟ ಕಾನೂನಿನ ಪ್ರಕಾರ ಒಂದು ದಿನವೂ ಖಾಲಿ ಆಗಿರಲಿಲ್ಲ. ಭಾವ ಜನರನ್ನು ಹತ್ತಿಸಿದ್ದು ತಪ್ಪಲ್ಲ, ಹತ್ತಿಸಬೇಡಿ ಎಂದಿದ್ದೇ ತಪ್ಪು.

ಅಲ್ಲೇ ರಾಶಿ ಫೈಲಿನ ಮೇಲೆ ಕೂತೆ. ಈ ಪುಟ ನೋಡಿದವಳು ನಾನೊಬ್ಬಳೇ. ಹೆದರಿಕೆಯಾಯಿತು. ಅಧಿಕಾರವಿಲ್ಲದೆ ಆದೇಶ ಹೊರಡಿಸಿದ್ದು, ಒಂದು ವರ್ಷದ ಟಿಕೆಟ್ ಹಣ ಬರದಂತೆ ಮಾಡಿದ್ದು, ಎರಡಕ್ಕೂ ಕುತ್ತಿಗೆ ನನ್ನದು. ಬಡ್ತಿ ಹಾಗಿರಲಿ, ಇರುವ ಕುರ್ಚಿಯೇ ಅಲುಗಾಡುತ್ತದೆ. ಫೈಲನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ನಾಲ್ಕೂ ಇಪ್ಪತ್ತು.

ನಿರ್ದೇಶಕರು ಟಿಪ್ಪಣಿಯನ್ನು ಎರಡು ಸಲ ಓದಿದರು.

"ಇದನ್ನ ಯಾರೂ ಕೇಳಿಲ್ಲ. ನಿರ್ಣಯದ ಪ್ರತಿ ಸಿಗಲಿಲ್ಲ ಅಂತ ಬರೆದು ಕಳಿಸಿ, ಸಾಕು."

"ಆಗ ತಪ್ಪು ಚಾಲಕನದೇ ಆಗುತ್ತೆ, ಸರ್."

"ಹೌದು," ಎಂದರು, ಬಲು ಮೆಲ್ಲಗೆ. "ಇಲ್ಲಾಂದ್ರೆ ನಿಮ್ಮದಾಗುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಲು ಕೂತರೆ ನಾನು ಏನು ಮಾಡುತ್ತಿದ್ದೆನೋ, ನನಗೇ ಭರವಸೆಯಿಲ್ಲ. ಓಡಿದಂತೆ ನನ್ನ ಕೋಣೆಗೆ ಬಂದೆ. ಅರ್ಧ ಬರೆದ ಹೇಳಿಕೆ ಅಳಿಸಿದೆ. ಆರು ಸಾವಿರದ ಆರುನೂರು ಸೇರಿಸಿದೆ, ನಲವತ್ತೊಂಬತ್ತು ಸಾವಿರದ ಏಳುನೂರ ಹತ್ತು. ಕಾರಣದ ಜಾಗದಲ್ಲಿ, ಈ ಓಟವನ್ನು ಮಂಡಳಿಯ ಮಂಜೂರಾತಿಯಿಲ್ಲದೆ ಖಾಲಿ ಎಂದು ತಪ್ಪಾಗಿ ನಮೂದಿಸಲಾಗಿತ್ತು ಎಂದು ಬರೆದೆ. 'ನಮೂದಿಸಲಾಗಿತ್ತು' ಎಂಬಲ್ಲಿ ನಿಂತೆ. ಮಾಡಿದವರೇ ಇಲ್ಲದ ಕ್ರಿಯಾಪದ ಅದು, ಹದಿನೇಳು ವರ್ಷ ಅದರ ಹಿಂದೆಯೇ ಅಡಗಿ ಕೂತಿದ್ದೆ. ಅಳಿಸಿ, 'ನಾನು ನಮೂದಿಸಿದ್ದೆ' ಎಂದು ತಿದ್ದಿದೆ. ಟಿಪ್ಪಣಿಯ ಪ್ರತಿ ಲಗತ್ತಿಸಿದೆ. ನಾಲ್ಕೂ ಐವತ್ತೆರಡಕ್ಕೆ ಕಳಿಸುವ ಗುಂಡಿ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಐವತ್ತಾರಕ್ಕೆ ಸ್ವೀಕೃತ ಎಂದು ಬಂತು.

ಭಾವ ಇನ್ನೂ ಬೆಂಚಿನ ಮೇಲೇ ಇದ್ದರು, ಪೆನ್ನು ಕೈಯಲ್ಲಿ.

"ಸಹಿ?"

"ಬೇಡ ಭಾವ. ನಿಮ್ಮದೇನೂ ತಪ್ಪಿಲ್ಲ." ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿದರು.

"ಬಸ್ಸು?"

"ಇರುತ್ತೆ."

"ನೀನು?"

"ನೋಡೋಣ. ನೋಟಿಸ್ ಬರುತ್ತೆ." ಆಮೇಲೆ ತಡೆಯಲಾಗಲಿಲ್ಲ. "ಪ್ರತಿ ವಾರ ಊಟಕ್ಕೆ ಬರ್ತೀನಿ, ಎದುರಿಗೇ ಕೂತಿರ್ತೀರಿ. ಆ ಆರ್ಡರ್ ನಂದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಡಿಪೋ ಬೋರ್ಡಲ್ಲಿ ಹಾಕಿದ್ರಲ್ಲ, ಕೆಳಗೆ ನಿನ್ನ ಸಹಿ ಇತ್ತು."

"ಮತ್ತೆ ಹೇಳಬಾರದಿತ್ತಾ? ಇಂಥ ಜನ ಓಡ್ತಾರೆ, ಬಸ್ಸು ಬೇಕು ಅಂತ? ಮನೆಯವಳಲ್ವಾ ನಾನು?"

ಭಾವ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ನನ್ನ ಮುಖ ನೋಡಲಿಲ್ಲ.

"ಹೇಳಿದ್ರೆ ಹತ್ತಿಸೋದನ್ನ ನಿಲ್ಲಿಸಿ ಅಂತಿದ್ದೆ ನೀನು."

ಇಲ್ಲ ಎನ್ನಲು ಬಾಯಿ ತೆರೆದೆ. ನಿಲ್ಲಿಸಿ ಎಂದೇ ಅನ್ನುತ್ತಿದ್ದೆ.