ಎಡಗಡೆಯ ಗಾಜು

ಚೇತನಕುಮಾರ ಸುಮ್ಮನೆ ಬಂದಿಲ್ಲ ಎಂಬುದು ಅವನು ಚಪ್ಪಲಿ ಬಿಡುವ ಮೊದಲೇ ನೇತ್ರಾಳಿಗೆ ಗೊತ್ತಾಯಿತು. ಬಾಗಲಕೋಟೆಯಿಂದ ಇಳಕಲ್ಲಿಗೆ ಅಕ್ಕನ ಮುಖ ನೋಡಲು ಬರುವ ತಮ್ಮನೇ ಅವನು? ಅಪ್ಪ ಹೋಗಿ ನಾಳೆಗೆ ವರ್ಷ. ಅಂದಿನಿಂದ ಇಂದಿನವರೆಗೆ ನೆಟ್ಟಗೆ ಒಂದು ಫೋನಿಲ್ಲ. ಈಗ ನೋಡಿದರೆ ರಟ್ಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಅವಳ ಗ್ರಾನೈಟ್ ಪಾಲಿಶ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾನೆ.

"ಗಾಜ ತಿಕ್ಕಿಕೊಡಬೇಕಾಗಿತ್ತು," ಎಂದ. ಆರಾಮಿದ್ದೀಯಾ, ಊಟ ಆಯ್ತಾ, ಏನೂ ಇಲ್ಲ.

ಡಬ್ಬಿಯೊಳಗೆ ಅಂಗೈಗಿಂತ ತುಸು ಉದ್ದದ ಬಿಳಿ ಅಂಬಾಸಿಡರ್. ಅವರಪ್ಪ ರಾಚಯ್ಯ ಬಾದಾಮಿಯಿಂದ ಪಟ್ಟದಕಲ್ಲಿಗೆ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿಯ ತದ್ರೂಪು. ಮೇಲಿನ ಕ್ಯಾರಿಯರ್ರು, ಬಂಪರಿನ ನೆಗ್ಗು, ಒಂದೂ ಬಿಟ್ಟಿರಲಿಲ್ಲ. ಇಂಥ ಸಣ್ಣ ಕಾರು ಕಟ್ಟುವುದು ಚೇತನನ ಹುಚ್ಚು. ಕೈ ಮಾತ್ರ ಚೊಕ್ಕ, ಅದನ್ನು ನೇತ್ರಾಳೂ ಒಪ್ಪಬೇಕು. ಆದರೆ ಗಾಜಿನ ಜಾಗದ ತಿಳಿ ಪ್ಲಾಸ್ಟಿಕ್ಕೆಲ್ಲ ಗೀರೆದ್ದು ಮಜ್ಜಿಗೆ ಬಳಿದಂತೆ ಮಂಕಾಗಿತ್ತು. ಒಳಗೇನಿದೆ ಎಂದು ಕಾಣುತ್ತಲೇ ಇರಲಿಲ್ಲ.

"ಏನಿಲೆ ತಿಕ್ಕೀದಿ ಇದನ್ನ?"

"ವಿಭೂತಿಲೆ."

"ಏನಂದಿ?"

"ಬೆಳ್ಳಿ ಕರಡಗಿ ವಿಭೂತಿಲೆ ತಿಕ್ಕಿದ್ರ ಫಳಫಳ ಹೊಳೀತೈತಲ್ಲ. ಧೂಳ ಕುಂತಿತ್ತು, ಇದೂ ಹಂಗ ಆಗ್ತೈತಿ ಅಂತ..."

"ಶಾಣ್ಯಾ ಅದಿ ಬಿಡು! ಲಿಂಗದ ಕರಡಗಿಗೂ ಪ್ಲಾಸ್ಟಿಕ್ಕಿಗೂ ಫರಕ ಗೊತ್ತಾಗಲಿಲ್ಲ ನಿನಗ? ವಿಭೂತ್ಯಾಗ ಸಣ್ಣ ಹರಳ ಇರತಾವೋ ಮಾರಾಯ."

"ಬೈಲಾಕ ಆಮೇಲೆ ಟೈಮ್ ಐತಿ. ನಾಳಿ ಅಪ್ಪನ ಫೋಟೋದ ಮುಂದ ಇಡಬೇಕು ಇದನ್ನ. ಕಮತಗಿಯಿಂದ ನಮ್ಮ ಬಳಗದ ಮಂದಿ ಎಲ್ಲಾ ಬರಾವರದಾರ. ಗಾಜ ಕಿತ್ತಿ ಹೊಸಾದು ಹಾಕಲಾಕ ಬರೂದಿಲ್ಲ, ಅಂಟಿಸಿಬಿಟ್ಟೀನಿ."

ನೇತ್ರಾಳಿಗೆ ಕಾರನ್ನು ಅವನ ಮೇಲೇ ಒಗೆಯಬೇಕೆನಿಸಿತು. ಒಗೆಯಲಿಲ್ಲ. "ಒಳಗ ಯಾರದಾರ?" ಎಂದಳು.

"ಅಪ್ಪ ಅದಾನ. ಸ್ಟೇರಿಂಗ್ ಹಿಡಕೊಂಡು ಕುಂತಾನ."

"ಮತ್ತ?"

ಚೇತನ ಮೊಬೈಲ್ ತೆಗೆದು ಏನೋ ನೋಡತೊಡಗಿದ. "ನೀ ತಿಕ್ಕು ಮೊದಲ. ಕಾಣ್ತೈತಲ್ಲ."

ಆ ಟ್ಯಾಕ್ಸಿಯ ಮುಂದಿನ ಎಡಗಡೆ ಸೀಟು ನೇತ್ರಾಳದು. ಸಾಲಿ ಬಿಟ್ಟ ಕೂಡಲೇ ಅಪ್ಪನ ಪಕ್ಕ ಹತ್ತಿ ಕುಳಿತರೆ ಪಟ್ಟದಕಲ್ಲಿಗೆ ಹೋಗಿ ಬರುವತನಕ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಗಾಜು ಒರೆಸುವುದೂ ಅವಳೇ. ಅಪ್ಪ ಅವಳಿಗೆ ಕ್ಲೀನರ್ ಸಾಹೇಬ್ರು ಎನ್ನುತ್ತಿದ್ದ. ಲಗ್ನವಾಗಿ ಇಳಕಲ್ಲಿಗೆ ಬಂದ ಮೇಲೆ ತವರಿನಲ್ಲಿ ಅವಳದು ಅಂತ ಉಳಿದದ್ದು ಆ ಸೀಟಿನ ನೆನಪೊಂದೇ. ತಮ್ಮ ಎಷ್ಟೇ ಒರಟನಿರಲಿ, ಅಪ್ಪನ ಪಕ್ಕ ಅವಳನ್ನು ಕೂಡಿಸಿರುತ್ತಾನೆ. ಇಷ್ಟೆಲ್ಲ ನೆಗ್ಗು ನೆನಪಿಟ್ಟವನು ಅದನ್ನು ಮರೆತಾನೆಯೇ?

ಶೆಡ್ಡಿನ ಕಲ್ಲಿನ ಧೂಳಿನಲ್ಲಿ ಈ ಕೆಲಸ ಆಗದು ಎಂದು ಅಡುಗೆಮನೆಗೆ ಒಯ್ದಳು. ಬಣ್ಣಕ್ಕೆ ತಾಗದಂತೆ ಸುತ್ತಲೂ ಟೇಪು ಅಂಟಿಸಿ, ನುಣುಪು ಮರಳುಕಾಗದ ನೀರಲ್ಲಿ ನೆನೆಸಿ, ಹಿಂದಿನ ಗಾಜಿನಿಂದ ಶುರು ಮಾಡಿದಳು. ಕೈ ಕಲ್ಲಿನ ಕೈ. ಒತ್ತಿದಷ್ಟೂ, ಬಿಸಿ ಏರಿದಷ್ಟೂ ಕಲ್ಲು ಹೊಳೆಯುತ್ತದೆ. ಹಾಗೇ ಒತ್ತಿದಳು. ಪ್ಲಾಸ್ಟಿಕ್ಕು ಕಾದು ಸುಕ್ಕಾಗಿ ಬೆಳ್ಳಗಾಗಿಬಿಟ್ಟಿತು.

"ಹಾಳ ಮಾಡಿದಿ! ಕಲ್ಲ ತಿಕ್ಕಾಕಿ ಕೈಯಾಗ ಕೊಟ್ಟೆನಲ್ಲ, ನನಗ ಬುದ್ಧಿಲ್ಲ!"

"ವಿಭೂತಿ ಹಚ್ಚಿದಾಂವ ನೀ ಸುಮ್ಮ ಕುಂದ್ರು!"

ಹಿಂದಿನದು ಹಾಗೇ ಇರಲಿ ಎಂದು ಬಲಗಡೆಯ ಗಾಜಿಗೆ ಬಂದಳು. ಈ ಸಲ ಕೂಸಿನ ಕೆನ್ನೆ ಒರೆಸಿದ ಹಾಗೆ, ಭಾರ ಹಾಕದೆ, ನೀರು ಬಿಡುತ್ತ ಬಿಡುತ್ತ. ಕಾಗದ ಬದಲಿಸಿ ಇನ್ನೂ ನುಣುಪಿನದು ಹಿಡಿದಳು. ಗೀರು ಹೋಗಿ ಬರೀ ಮಬ್ಬು ಉಳಿದಾಗ ಹಲ್ಲುಜ್ಜುವ ಪೇಸ್ಟನ್ನು ಹಳೇ ಸೀರೆಯ ಮೆತ್ತನೆ ತುಂಡಿಗೆ ಹಚ್ಚಿ ಸುತ್ತಿ ಸುತ್ತಿ ಉಜ್ಜಿದಳು. ಒರೆಸಿದಾಗ ಅಪ್ಪ ಕಂಡ. ಖಾಕಿ ಅಂಗಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ತುಸು ಬಲಕ್ಕೆ ವಾಲಿದ ಕುತ್ತಿಗೆ. ಯಪ್ಪಾ, ಎಂದು ಅವಳ ಬಾಯಿಂದ ಬಂದೇ ಬಿಟ್ಟಿತು.

ಅಪ್ಪನ ಆಚೆ, ಮಬ್ಬಿನಲ್ಲಿ, ಇನ್ನೊಂದು ಸಣ್ಣ ತಲೆಯಿತ್ತು.

ನೇತ್ರಾಳ ಸಿಟ್ಟೆಲ್ಲ ಇಳಿದುಹೋಯಿತು. ತಮ್ಮನಿಗೆ ಚಹಾ ಮಾಡಿಕೊಟ್ಟಳು, ಜೊತೆಗೆ ಚೂಡಾ ಇಟ್ಟಳು. ಎಡಗಡೆಯ ಗಾಜಿಗೆ ಕುಳಿತವಳು ತಲೆ ಎತ್ತಲಿಲ್ಲ. ಅಷ್ಟು ಚೊಕ್ಕ ಕೆಲಸ ಅವಳು ಯಾವ ಕಲ್ಲಿಗೂ ಮಾಡಿರಲಿಲ್ಲ. ಕೊನೆಗೆ ಒರೆಸಿ ಬೆಳಕಿಗೆ ಹಿಡಿದಳು.

ಹುಡುಗ. ಬಿಳಿ ಅಂಗಿ, ಖಾಕಿ ಚಡ್ಡಿ, ತೊಡೆಯ ಮೇಲೆ ಪಾಟಿಚೀಲ. ಪಕ್ಕಕ್ಕೆ ಬಾಚಿದ ಕ್ರಾಪು ಕೂಡ ಚೇತನನದೇ.

"ಇಂವ ಯಾರು?"

"ನಾನ. ಮತ್ಯಾರು?"

"ನೀ ಯಾವತ್ತ ಕುಂತಿದ್ದಿಲೇ ಈ ಸೀಟಿನ್ಯಾಗ? ಟ್ಯಾಕ್ಸಿ ಡ್ರೈವರನ ಮಗ ಅಂತ ದೋಸ್ತರಿಗೆ ಗೊತ್ತಾಗಬಾರದಂತ ಬಸ್‌ಸ್ಟ್ಯಾಂಡ್ ಹಿಂದ ಹಾದು ಸಾಲಿಗೆ ಹೋಗ್ತಿದ್ದಿ. ಅಪ್ಪ ಹಾರ್ನ್ ಹೊಡದ್ರ ತಿರಗಿ ಸೈತ ನೋಡ್ತಿದ್ದಿಲ್ಲ!"

"ಆಗ ಸಣ್ಣಾಂವ ಇದ್ದೆ."

"ನಾ ಏನ್ ಮುದುಕಿ ಇದ್ನೇನು? ನಾ ಎಲ್ಲಿ ಇದರಾಗ? ಡಿಕ್ಕ್ಯಾಗ ಹಾಕೀಯೇನು?"

ಚೇತನ ಬಟ್ಟಲು ಕೆಳಗಿಟ್ಟ. "ನೋಡಕ್ಕ, ನಾಳಿ ಮಂದಿ ಬರತಾರ. ಅಪ್ಪನ ಬಾಜೂಕ ಮಗ ಇದ್ರ ಚಂದ. ನೀ ಈಗ ಬ್ಯಾರೆ ಮನಿಯಾಕಿ. ಸುಮ್ಮ ಮುಂದಿನ ಗಾಜ ಮುಗಿಸಿ ಕೊಡು."

ನೇತ್ರಾ ಮತ್ತೆ ಕಾಗದ ನೆನೆಸಿದಳು. ಮುಂದಿನ ಗಾಜಿನ ಬಲ ಅರ್ಧಕ್ಕಷ್ಟೇ ಕೈಹಾಕಿ, ಅವಸರ ಮಾಡದೆ, ಅಪ್ಪನ ಹಣೆಯ ವಿಭೂತಿಯ ಗೆರೆ ಎಣಿಸುವಷ್ಟು ತಿಳಿ ಮಾಡಿದಳು. ಎಡ ಅರ್ಧವನ್ನು ಮುಟ್ಟಲಿಲ್ಲ. ಆಮೇಲೆ ಶೆಡ್ಡಿಗೆ ಹೋಗಿ ಕಲ್ಲಿನಂಚು ಸವರುವ ಒರಟು ಕಾಗದ ತಂದು, ತಾನೇ ಹೊಳಪು ಕೊಟ್ಟ ಎಡಗಡೆಯ ಗಾಜಿನ ಮೇಲೆ ಇಟ್ಟು, ಈ ಸಲ ಪೂರ್ತಿ ಭಾರ ಹಾಕಿ ಎಳೆದಳು. ಚೇತನ ಎದ್ದು ಬರುವಷ್ಟರಲ್ಲಿ ಹುಡುಗ ಕಾಣದಾಗಿದ್ದ.

"ಏನ್ ಮಾಡಿದಿ? ತಲಿ ಕೆಟ್ಟೈತೇನ ನಿನಗ?"

ಅವಳು ಟೇಪು ಬಿಚ್ಚಿ, ಕಾರನ್ನು ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟು ಅವನ ಕೈಗೆ ಕೊಟ್ಟಳು.

"ಅಪ್ಪ ಸ್ವಚ್ಛ ಕಾಣ್ತಾನ, ಒಯ್ದು ಇಡು. ಬಾಜೂಕ ಕುಂತಾವರು ಯಾರಂತ ಮಂದಿ ಕೇಳಿದ್ರ, ಅಪ್ಪನ ಫೋಟೋದ ಮುಂದ ನಿಂತು ನಿನ್ನ ಬಾಯಿಲೆ ಹೇಳು. ನಾಳಿ ನಾನೂ ಬರ್ತೇನಿ, ಕೇಳಲಾಕ."