ತಳ ಕಾಣದ ಗಂಗಾಳ

ನಾನು ಒಂದು ಕಂಚಿನ ಗಂಗಾಳ. ಬಾಗಲಕೋಟೆಯ ಕಡೆ ಉಣ್ಣುವ ದೊಡ್ಡ ತಟ್ಟೆಗೆ ಆ ಹೆಸರು. ಅಂಚಿನಿಂದ ಅಂಚಿಗೆ ಹದಿನಾರು ಅಂಗುಲ, ತೂಕ ಎರಡು ಕಿಲೋ ಮುನ್ನೂರು ಗ್ರಾಂ. ಈ ಅಳತೆಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನನ್ನ ಗಾತ್ರವೇ ನನ್ನ ಅಪರಾಧವೆಂದು ಒಮ್ಮೆ ತೀರ್ಪಾಗಿತ್ತು. ಗಾತ್ರವನ್ನು ಒಪ್ಪುತ್ತೇನೆ. ಅಪರಾಧವನ್ನು ಇಂದಿಗೂ ಒಪ್ಪುವುದಿಲ್ಲ.

ನಾಲ್ಕು ಪಾಲು ತಾಮ್ರಕ್ಕೆ ಸುಮಾರು ಒಂದು ಪಾಲು ತವರ ಕರಗಿ ನಾನಾದೆ. ಕಂಚುಗಾರ ಮೌನೇಶಪ್ಪ ನನ್ನನ್ನು ಕೆಂಪಗೆ ಕಾಯಿಸಿಯೇ ಬಡಿಯುತ್ತಿದ್ದ. ತಣ್ಣಗಿರುವಾಗ ಪೆಟ್ಟು ಬಿದ್ದರೆ ಬಿರಿಯುವ ಜಾತಿ ನನ್ನದು. ಆಕಾರ ಬಂದ ಮೇಲೆ ಊರಿನ ಹಿರಿಯರು ನನ್ನನ್ನು ಕುಸ್ತಿಯ ಬಹುಮಾನವೆಂದು ಕೊಂಡೊಯ್ದರು. ಆ ವರ್ಷ ಗೆದ್ದವನು ಇಪ್ಪತ್ತನಾಲ್ಕರ ಯಮನಪ್ಪ. ಮೈಯ ಕೆಂಪುಮಣ್ಣನ್ನೂ ತೊಳೆಯದೆ ಅವನು ನನ್ನನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ನಡೆದ.

ಬಾಗಿಲಲ್ಲಿ ಅವನ ತಾಯಿ ದುರ್ಗವ್ವ ನನ್ನನ್ನು ಇಸಿದುಕೊಂಡು, ಹೊಸ ಸೊಸೆ ಸತ್ಯವ್ವನ ಕೈಗಿಟ್ಟು ಹೇಳಿದಳು: "ಪೈಲ್ವಾನ ಉಂಡು ಏಳೂತನಕ ಗಂಗಾಳದ ತಳಾ ಕಾಣಬಾರದು, ನೋಡವ್ವಾ."

ಸತ್ಯವ್ವ ಅದನ್ನು ವ್ರತದಂತೆ ಹಿಡಿದಳು. ಅಂಚಿನಲ್ಲಿ ಚಿಟಿಕೆಯಷ್ಟು ಹಸಿ ತರಕಾರಿಯ ಪಚಡಿ. ನಡುವೆ ಐದು ರೊಟ್ಟಿ, ಬೆಣ್ಣೆಯ ಮುದ್ದೆ, ಅಂಗೈ ತುಂಬ ಶೇಂಗಾ ಚಟ್ನಿಪುಡಿ. ನನ್ನ ತಳ ಬೆರಳಗಲ ಮಿಂಚಿದರೂ ಆರನೆಯ ರೊಟ್ಟಿ ಬೀಳುತ್ತಿತ್ತು. ಆಗ ಅದರಲ್ಲಿ ತಪ್ಪಿರಲಿಲ್ಲ. ದಿನಕ್ಕೆ ಸಾವಿರ ಬೈಠಕ್ ಹೊಡೆಯುವ ದೇಹ ಅಷ್ಟನ್ನೂ ಉರಿಸಿಬಿಡುತ್ತಿತ್ತು.

ವರ್ಷಗಳು ಕಳೆದು ಯಮನಪ್ಪ ಗರಡಿಯ ವಸ್ತಾದನಾದ. ಪಟ್ಟು ಕಲಿಸುವ ಗುರು ಎಂದರ್ಥ. ಬೈಠಕ್ ನಿಂತವು, ಬಡಿಸುವುದು ನಿಲ್ಲಲಿಲ್ಲ. ಐವತ್ತೆಂಟರಲ್ಲಿ ಅವನ ತೂಕ ನೂರಾ ಹದಿನೆಂಟು ಕಿಲೋ. ಮೊಣಕಾಲು ಸೋತು, ನೆಲಕ್ಕೆ ಕೂತರೆ ಏಳಲಾಗದೆ ಮಂಚದ ಮೇಲೆ ಕೂತು, ನನ್ನನ್ನು ಸ್ಟೂಲಿನ ಮೇಲಿಟ್ಟು ಉಣ್ಣತೊಡಗಿದ. ಗರಡಿಯ ಕುಸ್ತಿ ಹೊಂಡಕ್ಕೆ ಐದು ಮೆಟ್ಟಿಲು. ಮೇಲೆ ನಿಂತು ಕೂಗಿ ಹೇಳಿದರೆ ಪಟ್ಟು ಬರುವುದಿಲ್ಲ, ಇಳಿದು ಮೈಮುಟ್ಟಿ ತೋರಿಸಬೇಕು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ತೂಕ ಇಳಿಯದಿದ್ದರೆ ಆ ಮೆಟ್ಟಿಲು ಮರೆತುಬಿಡಿ. ಊಟ ಕಡಿಮೆ ಮಾಡಿ.

ಮನೆಯವರು ಆ ಮಾತನ್ನು ತಮಗೆ ತಿಳಿದಂತೆ ಪಾಲಿಸಿದರು. ನನ್ನನ್ನು ಅಟ್ಟಕ್ಕೆ ಏರಿಸಿ, ಒಂದು ಪುಟ್ಟ ಸ್ಟೀಲು ತಟ್ಟೆ ತಂದರು. ಅದೇ ರೊಟ್ಟಿ, ಅದೇ ಬೆಣ್ಣೆ, ಅದೇ ಚಟ್ನಿಪುಡಿ, ಎಲ್ಲ ಅರ್ಧರ್ಧ. ಪಚಡಿಗೆ ಜಾಗವೇ ಇರಲಿಲ್ಲ.

ಅಲ್ಲಿಯವರೆಗೆ ಈ ಜನರನ್ನು ಕೆಳಗಿನಿಂದ ನೋಡಿದ್ದ ನಾನು ಮೊದಲ ಸಲ ಮೇಲಿನಿಂದ ನೋಡಿದೆ. ಐದು ನಿಮಿಷಕ್ಕೆ ತಟ್ಟೆಯ ತಳ ಕಾಣುತ್ತಿತ್ತು. ಸತ್ಯವ್ವ ಮುಖ ತಿರುಗಿಸುತ್ತಿದ್ದಳು. ಸಂಜೆ ನಾಲ್ಕಕ್ಕೆ ಪೈಲ್ವಾನ ಅಟ್ಟದ ಕೆಳಗೇ ಬಂದು ನಿಂತು, ಜೇಬಿನಿಂದ ಶೇಂಗಾ ಬೆಲ್ಲ ತೆಗೆದು ಕಳ್ಳನಂತೆ ಮುಕ್ಕುತ್ತಿದ್ದ. ಒಂದು ಹಿಡಿ, ಎರಡು ಹಿಡಿ, ಮೂರು. ಎರಡು ತಿಂಗಳಿಗೆ ತೂಕ ಒಂದೂವರೆ ಕಿಲೋ ಏರಿತು. ಆದರೂ ಅಟ್ಟಕ್ಕೆ ಹೋದದ್ದು ನಾನು!

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಯಮನಪ್ಪನ ಸೊಸೆ ಶಶಿಕಲಾ ಒಂದು ಭಾನುವಾರ ಅವನನ್ನು ಶೇಂಗಾ ಸಮೇತ ಹಿಡಿದಳು. ಬೈಯಲಿಲ್ಲ. ತಕ್ಕಡಿ ತಂದು ಅವನ ಮುಷ್ಟಿಯ ಶೇಂಗಾ ತೂಗಿದಳು.

"ಐವತ್ತ ಗ್ರಾಂ ಐತಿ ಮಾವಾರ. ಇದರಾಗಿನ ಕ್ಯಾಲರಿ ಸವತಿಕಾಯಿಂದ ಬರಬೇಕಂದ್ರ ಹತ್ರಹತ್ರ ಎರಡ ಕಿಲೋ ತಿನ್ನಬೇಕು."

"ಎರಡ ಕಿಲೋ! ಅಷ್ಟ ತಿಂದ್ರ ನನಗ ಮೂಗದಾರ ಹಾಕಿ ಕೊಟ್ಟಿಗ್ಯಾಗ ಕಟ್ಟೀರಿ."

"ತಿನ್ನಾಕ ಆಗೂದಿಲ್ಲ ಅನ್ನೂದ ನನ್ನ ಮಾತು. ಅದಕ್ಕೂ ಮೊದಲ ಹೊಟ್ಟಿ ತುಂಬತೈತಿ. ಶೇಂಗಾ ಕೆಟ್ಟದ್ದಲ್ರೀ, ಹಿಡೀಗಟ್ಟಲೆ ಆತು ಅಷ್ಟ."

ಒಲೆಯ ಬಳಿಯಿದ್ದ ಸತ್ಯವ್ವ ತಿರುಗಿದಳು. "ಹಂಗಾರ ತಳಾ ಮುಚ್ಚಬೋದೇನವ್ವಾ?"

"ಮುಚ್ರಿ ಅತ್ತಿ. ಯಾತರಿಂದ ಮುಚ್ಚತೀರಿ ಅನ್ನೂದ ಮುಖ್ಯ. ಆ ಗಂಗಾಳ ಕೆಳಗ ಇಳಸ್ರಿ."

ನಾನು ಇಳಿದೆ. ಇಳಿಯುವಾಗ ಗೋಡೆಗೆ ತಾಗಿ ಠಣ್ಣೆಂದೆ. ಬೇಕೆಂದೇ ಜೋರಾಗಿ.

ನನ್ನ ಮೇಲಿನ ಜಾಗಗಳು ಅದಲು ಬದಲಾದವು. ನಡುವೆ ಮೆಂತ್ಯಸೊಪ್ಪು, ಮೂಲಂಗಿ, ಸವತೆ, ಉಳ್ಳಾಗಡ್ಡಿಯ ಪಚಡಿ ಗುಡ್ಡದಂತೆ. ಅದರ ಪಕ್ಕ ಚಮಚದಲ್ಲಿ ಅಳೆದ ಎಣ್ಣೆಯ ಬದನೆಕಾಯಿ ಪಲ್ಯ, ಮೊಳಕೆ ಬಂದ ಮಡಕೆಕಾಳು. ಎರಡು ರೊಟ್ಟಿ ಬದಿಗೆ ಸರಿದವು. ಚಟ್ನಿಪುಡಿ ಅಂಚಿನ ಚಿಟಿಕೆಯಾಯಿತು. ತಟ್ಟೆ ಅಷ್ಟೇ ದೊಡ್ಡದು, ಊಟದ ಭಾರವೂ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಶಕ್ತಿ ಮಾತ್ರ ಅರ್ಧ.

ಗೆಳೆಯ ಹಸನಸಾಬ ಬಾಗಿಲಲ್ಲೇ ನಿಂತು ನಕ್ಕ. "ಏನಲೇ ಯಮನ್ಯಾ, ಎಮ್ಮಿ ಮೇವೆಲ್ಲಾ ನೀನ ಖಾಲಿ ಮಾಡಿದ್ರ ಅದೇನು ತಿನ್ನಬೇಕು?"

"ಅದಕ್ಕ ನನ್ನ ಶೇಂಗಾ ಹಾಕು. ಮಣಕಾಲು ಅದರದೂ ಹೋಗಲಿ."

ಮೊದಲ ವಾರ ಅವನು ಸಿಡುಕುತ್ತಲೇ ಜಗಿದ. ಮೂರನೆಯ ವಾರ ನಾಲ್ಕು ಗಂಟೆಗೆ ಜೇಬು ತಡಕುವುದನ್ನು ಮರೆತ. ಏಳು ತಿಂಗಳಿಗೆ ನೂರಾ ಆರು ಕಿಲೋ. ಒಂದು ಬೆಳಿಗ್ಗೆ ಗರಡಿಯಿಂದ ಬಂದವನ ಮೊಣಕಾಲುಗಳ ಮೇಲೆ ಕೆಂಪುಮಣ್ಣಿತ್ತು. ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿ, ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕೂತ. ಸತ್ಯವ್ವ ನನ್ನನ್ನು ಅವನೆದುರು ಇಟ್ಟಳು. ಉಂಡು, ಯಾರ ಕೈಯನ್ನೂ ಹಿಡಿಯದೆ ಎದ್ದ.

ಈಗ ನನಗೆ ವಯಸ್ಸಾಗಿದೆ. ಕಳೆದ ವರ್ಷ ತೊಳೆಯುವಾಗ ಕಲ್ಲಿಗೆ ಬಿದ್ದು ತಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದ್ದೇನೆ. ಸಾರು ಸೋರುತ್ತದೆ, ಮಜ್ಜಿಗೆ ನಿಲ್ಲುವುದಿಲ್ಲ. ಹಳೆಯ ಪಾತ್ರೆಗೆ ಹೊಸದನ್ನು ಕೊಡುವ ವ್ಯಾಪಾರಿ ಮೊನ್ನೆ ಬೆರಳಿನಿಂದ ತಟ್ಟಿ, ಒಡಕು ದನಿ ಕೇಳಿ, "ಇದು ಇನ್ನ ಯಾತಕ್ಕ ಬರತೈತ್ರಿ?" ಎಂದ.

ಸತ್ಯವ್ವ ನನ್ನನ್ನು ಅವನ ಕೈಯಿಂದ ಕಿತ್ತುಕೊಂಡಳು. "ಪಚಡಿ ಸೋರತೈತೇನು?"

ಇದಕ್ಕೆ ಉತ್ತರ ನನ್ನ ಬಳಿ ಇದೆ. ಇಡೀ ಮನೆಯ ಪಚಡಿಯನ್ನು ಹೊತ್ತು ಈಗಲೂ ಪಂಕ್ತಿಯ ನಡುವೆ ಕೂರುತ್ತೇನೆ. ನನ್ನ ಬಿರುಕನ್ನು ನೀವು ನೋಡಲಾರಿರಿ. ಅದಿರುವುದು ತಳದಲ್ಲಿ, ಮತ್ತು ಈ ಮನೆಯಲ್ಲಿ ತಳ ಕಾಣುವುದಿಲ್ಲ.