ಮೊದಲು ನಿಮಗೇ ಕಳಿಸಿ ನೋಡಿ

ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತ ಮುಕ್ಕಾಲು ದಾಟಿತು, ಇನ್ನೇನು ಆಚೆ ಗೋಡೆ ಮುಟ್ಟಬೇಕು, ಅಲ್ಲೇ ನಿಂತಿತು, ಹೊಸಿಲ ತನಕ ಬಂದು ಒಳಗೆ ಕಾಲಿಡಲೋ ಬೇಡವೋ ಎನ್ನುವ ಮುನಿಸಿನ ನೆಂಟನ ಹಾಗೆ, ಆಮೇಲೆ ಮಾಯ — ಅದರ ಜಾಗದಲ್ಲಿ ಕೆಂಪು ಸಾಲು, ನಿಮ್ಮ ಪತ್ರ ತಲುಪಿಲ್ಲ. ಗಡಿಯಾರದಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಮೂರಕ್ಕೆ ಡಾಕ್ಟರುಗಳು ಸೇರುತ್ತಾರೆ, ಎಂಬತ್ತು ನಿಮಿಷ ಇದೆ, ಬೇಕಾದಷ್ಟಾಯಿತು, ಇದಕ್ಕಿಂತ ಜಿಗುಟು ಕೇಸುಗಳನ್ನು ಎಂಟು ನಿಮಿಷದಲ್ಲಿ ಬಿಡಿಸಿದವಳು ಅವಳು, ಹನ್ನೊಂದು ವರ್ಷದಿಂದ ಈ ಮೂರನೇ ಮಹಡಿಯ ಮೂಲೆ ಮೇಜಿನಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತು, ಕಚೇರಿಯ ಒಂಬೈನೂರು ಜನರಿಗೆ ಅವರವರ ಅಟ್ಯಾಚ್‌ಮೆಂಟ್ ಯಾಕೆ ಹೋಗುತ್ತಿಲ್ಲ ಎಂದು ಬಿಡಿಸಿ ಹೇಳುವವಳು, ಎದುರಿಗೆ ಅವಳನ್ನು ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ, ಅಟ್ಯಾಚ್‌ಮೆಂಟಿನ ಕ್ಲಿಪ್ ಗುರುತಿನಿಂದ, ಕ್ಲಿಪ್ಪಮ್ಮ. ಪಕ್ಕದ ಮೇಜಿನ ಉದ್ದಣ್ಣ ಕುತ್ತಿಗೆ ಚಾಚಿ ಕೆಂಪು ಸಾಲು ನೋಡಿದ, ಏನ್ ಮೇಡಂ, ವೈದ್ಯರಿಗೇ ಜ್ವರಾನಾ ಎಂದು ನಕ್ಕ, ಅವಳೂ ನಕ್ಕಳು, ನಗದಿದ್ದರೆ ಏನಾಯ್ತು ಎಂದು ಕೇಳುತ್ತಾನೆ, ಕೇಳಿದರೆ ಹೇಳಬೇಕು, ಹೇಳುವುದಕ್ಕೆ ಅಕ್ಕ ಎಂಬ ಶಬ್ದ ಬೇಕು, ನಾಲ್ಕು ವರ್ಷದಿಂದ ಈ ಕಚೇರಿಯಲ್ಲಿ ಆ ಶಬ್ದ ಅವಳ ಬಾಯಿಂದ ಬಂದಿಲ್ಲ. ಅಕ್ಕನ ಫೋನು ಬಂದದ್ದು ಬೆಳಿಗ್ಗೆ ಹತ್ತೂವರೆಗೆ. ನಾನು ಎಂದಳು. ಯಾರು ಎಂದು ಇವಳು ಕೇಳಿಬಿಟ್ಟಳು, ಕೆಲಸದ ದನಿಯಲ್ಲಿ, ಯಾವ ವಿಭಾಗ, ಯಾವ ಮಹಡಿ ಎಂದು ಕೇಳುವ ದನಿಯಲ್ಲಿ — ನಾನು ಕಣೇ, ಒಂಬತ್ತು ವರ್ಷದ ಹಿಂದೆ ನನ್ನ ಎದೆ ಎಕ್ಸ್‌ರೇ ತೆಗೆಸಿದ್ವಲ್ಲ, ಆ ಡಿಸ್ಕು ನಿನ್ನ ಹತ್ರ ಇದೆಯಾ, ಎಡಗಡೆ ಶ್ವಾಸಕೋಶದಲ್ಲಿ ಏನೋ ಬಿಳಿ ಚುಕ್ಕೆ ಕಾಣ್ತಿದೆಯಂತೆ, ಒಂಬತ್ತು ಮಿಲಿಮೀಟರು, ಆಗಲೂ ಇಷ್ಟೇ ಇತ್ತು ಅಂದ್ರೆ ಮುಟ್ಟೋದಿಲ್ವಂತೆ, ಆಗ ಇರಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಕೊಯ್ತಾರಂತೆ, ಆ ಹಳೇ ಆಸ್ಪತ್ರೆಯವರು ಏಳು ವರ್ಷಕ್ಕೆಲ್ಲ ಅಳಿಸಿ ಹಾಕ್ತಾರಂತೆ, ಸಿಗದಿದ್ರೆ ಬೇಡ ಬಿಡು, ನಿನಗೆ ಕೆಲಸ ಇರುತ್ತೆ. ಇದೆ ಅಕ್ಕ, ಇದೆ. ಸರಿ ಹಾಗಾದ್ರೆ, ಎಕ್ಸ್‌ರೇ ಕೋಣೆಯವರ ವಿಳಾಸ ಕಳಿಸ್ತೀನಿ. ಅಷ್ಟೇ. ಮರಿ ಎನ್ನಲಿಲ್ಲ. ಐವತ್ತೊಂದು ವರ್ಷದ ಹೆಂಗಸಿಗೆ ಮರಿ ಎನ್ನುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ, ಅವಳೂ ಇವತ್ತು ಎನ್ನಲಿಲ್ಲ.

ಊಟದ ಬಿಡುವಿನಲ್ಲಿ ಮನೆಗೆ ಓಡಿ, ಒಂಟಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಡಿಸ್ಕು ತೆಗೆದು, ಉಣ್ಣದೆ ವಾಪಸಾದಳು, ಡಿಸ್ಕು ಓದುವ ಯಂತ್ರ ಇಡೀ ಕಟ್ಟಡದಲ್ಲಿ ಉಳಿದಿರುವುದು ಅವಳ ಮೇಜಿನಲ್ಲೊಂದೇ, ಅದನ್ನು ಎಸೆಯಿರಿ ಎಂದು ಎರಡು ಸಲ ಪತ್ರ ಬಂದಿದೆ, ಎಸೆದಿಲ್ಲ. ಮುಂದಿನಿಂದ ತೆಗೆದದ್ದು ಒಂದು, ಪಕ್ಕದಿಂದ ಒಂದು, ಎರಡೂ ಸೇರಿ ಹತ್ತೊಂಬತ್ತೂವರೆ ಎಂಬಿ, ಆಸ್ಪತ್ರೆಯವರ ಮಿತಿ ಇಪ್ಪತ್ತೈದು, ಹೋಗಲೇಬೇಕಿತ್ತು — ಅಯ್ಯೋ, ಉಬ್ಬುತ್ತದಲ್ಲ, ಪತ್ರಕ್ಕೆ ಅಂಟಿಸಿದ್ದು ದಾರಿಯಲ್ಲಿ ಮೂರನೇ ಒಂದು ಪಾಲು ಉಬ್ಬುತ್ತದೆ, ನೆನೆಹಾಕಿದ ಕಾಳಿನ ಹಾಗೆ, ಹತ್ತೊಂಬತ್ತೂವರೆ ಅವರ ಬಾಗಿಲಿಗೆ ಹೋಗುವಾಗ ಇಪ್ಪತ್ತಾರು, ಇದನ್ನು ಊರಿಗೆಲ್ಲ ಹೇಳಿದವಳು ತನ್ನ ಸರದಿಗೆ ಮರೆತಳು. ಒತ್ತಿ ಕಟ್ಟಿ ಜಿಪ್ ಮಾಡಿ ಕಳಿಸಿದಳು, ಎರಡು ಗಂಟೆ ಐದು ನಿಮಿಷ, ಮತ್ತೆ ಕೆಂಪು, ಜಿಪ್ ಕಡತಗಳನ್ನು ಅವರ ದ್ವಾರಪಾಲಕ ಒಳಗೆ ಬಿಡುವುದಿಲ್ಲ, ಒಳಗೇನಿದೆಯೋ ಯಾರಿಗೆ ಗೊತ್ತು. ಲಿಂಕ್ ಕಳಿಸಲಾ ಎಂದು ಎಕ್ಸ್‌ರೇ ಕೋಣೆಯ ತಂತ್ರಜ್ಞನಿಗೆ ಫೋನು ಮಾಡಿ ಕೇಳಿದಳು, ಹೊರಗಿನ ಲಿಂಕ್ ನಮ್ಮಲ್ಲಿ ತೆರೆಯಲ್ಲ ಮೇಡಂ ಎಂದ, ಏನನ್ನೋ ಅಗಿಯುತ್ತಿದ್ದ, ಮೊಬೈಲಲ್ಲಿ ಫೋಟೋ ಹೊಡೆದು ಮಾತ್ರ ಕಳಿಸ್ಬೇಡಿ, ಅಳತೆ ಸಿಗಲ್ಲ, ಡಾಕ್ಟರು ನನ್ನನ್ನ ಬೈತಾರೆ, ಅಸಲೀದೇ ಬೇಕು. ಅಸಲೀದೇ ಬೇಕು. ಪರದೆಯ ಮೇಲೆ ಅಕ್ಕನ ಪಕ್ಕೆಲುಬುಗಳು, ಬೂದು ಬಣ್ಣದ ಏಣಿ, ಎಷ್ಟು ತೆಳ್ಳಗಿದ್ದಳು ಆಗ, ಎಡಗಡೆ ನಾಲ್ಕನೇ ಮೆಟ್ಟಿಲ ಕೆಳಗೆ ಬಿಳಿ ಗುಂಡಗಿನದು, ಅಂಚು ನಯ, ಚೊಕ್ಕ. ಆಗ ಕೆಮ್ಮಿಗೆಂದು ತೆಗೆಸಿದ್ದು, ನೆಗಡಿ ಅಷ್ಟೇ ಎಂದು ಕಳಿಸಿದ್ದರು, ಚುಕ್ಕೆಯ ಮಾತು ಯಾರೂ ಎತ್ತಲಿಲ್ಲ. ಇದೆಯಲ್ಲ, ಇತ್ತಲ್ಲ, ಅವಳು ಡಾಕ್ಟರಲ್ಲ, ಆದರೂ ಕಣ್ಣಿದೆಯಲ್ಲ — ಅಂಗಿ ಗುಂಡಿಯಷ್ಟು, ಕಾಲರಿಗೆ ಹಾಕುತ್ತಾರಲ್ಲ ಆ ಚಿಕ್ಕ ಗುಂಡಿ, ಅಷ್ಟು. ಕೈ ತಾನಾಗಿ ಕತ್ತಿಗೆ ಹೋಯಿತು, ಬೂದು ಕೋಟಿನ ಮೇಲಿನ ಕಾಜ ಖಾಲಿ, ಈ ಮೂಲೆಗೆ ಎಸಿ ನೇರವಾಗಿ ಬೀಸುತ್ತದೆ, ಅವಳು ಕಾಲರನ್ನು ಬೆರಳಲ್ಲಿ ಹಿಡಿದುಕೊಳ್ಳುತ್ತಾಳೆ, ನಾಲ್ಕು ಚಳಿಗಾಲ ಹಾಗೇ ಹಿಡಿದುಕೊಂಡಿದ್ದಾಳೆ.

ಇರಲಿ, ಕ್ರಮವಾಗಿ ಹೋಗಬೇಕು, ಗಾಬರಿಯಾದವರಿಗೆ ಅವಳು ಹೇಳುವ ಮೊದಲ ಮಾತು ಅದೇ, ಎರಡನೆಯದು ಮೊದಲು ನಿಮಗೇ ಕಳಿಸಿ ನೋಡಿ, ನಿಮಗೆ ತಲುಪಿದರೆ ತೊಂದರೆ ನಿಮ್ಮ ಕಡೆಯದಲ್ಲ. ಅವಳೂ ಪ್ರತಿ ಕೇಸಿಗೂ ತನಗೇ ಕಳಿಸಿಕೊಳ್ಳುತ್ತಾಳೆ, ಹನ್ನೊಂದು ವರ್ಷದಿಂದ, ಬರುವ ಪತ್ರಗಳ ಪೆಟ್ಟಿಗೆ ಅವಳದೇ ಪತ್ರಗಳಿಂದ ತುಂಬಿಹೋಗಬಾರದೆಂದು ಅವು ಬಂದ ಹಾಗೇ ಸದ್ದಿಲ್ಲದೆ ಪರೀಕ್ಷೆ ಎಂಬ ಕಪಾಟಿಗೆ ಹೋಗಿ ಬೀಳುವಂತೆ ಏರ್ಪಾಡು ಮಾಡಿಟ್ಟಿದ್ದಾಳೆ. ಎರಡು ಗಂಟೆ ಹದಿನೆಂಟಕ್ಕೆ ಮುಂದಿನಿಂದ ತೆಗೆದ ಚಿತ್ರ ತನಗೆ, ಇಪ್ಪತ್ತೆರಡಕ್ಕೆ ಪಕ್ಕದ್ದು ತನಗೆ, ಕಪಾಟು ತೆರೆದಳು, ಎರಡೂ ಬಂದಿವೆ, ಚಿತ್ರ ತೆರೆಯುತ್ತದೆ, ಸರಿ, ಬಿಡಿಬಿಡಿಯಾಗಿ ಕಳಿಸಿದರೆ ಆಯಿತು. ಅವನ್ನೇ ಮತ್ತೆ ತೆರೆದು ಕಳಿಸು ಎಂದು ಒತ್ತಿದಳು, ಒಂದು, ನೀಲಿ ಪಟ್ಟಿ ಗೋಡೆ ಮುಟ್ಟಿತು, ಎರಡು, ಮುಟ್ಟಿತು, ಹೋಯಿತು, ಕೆಂಪು ಬರಲಿಲ್ಲ, ಎರಡು ಗಂಟೆ ಮೂವತ್ತೊಂದು. ಎರಡನೇ ಪತ್ರದ ನಕಲು ಇನ್ನೂ ಎದುರಿಗೆ ತೆರೆದೇ ಇತ್ತು, ಚಿತ್ರವನ್ನು ಕಿತ್ತುಹಾಕಿದಳು, ಬಿಳಿ ಹಾಳೆ ಉಳಿಯಿತು, ಅದರ ಮೇಲೆ ಬೆರಳು ಓಡಿತು — ಅಕ್ಕ, ಅವತ್ತು ಬಾಗಿಲಲ್ಲಿ ಅಂದದ್ದು ತಪ್ಪು, ಕೋಟಿನ ಗುಂಡಿ ಇನ್ನೂ ಹೊಲಿದಿಲ್ಲ. ವಿಳಾಸ ಕೊನೆಗೆ ಹಾಕಿ ಎನ್ನುತ್ತಾಳೆ ಎಲ್ಲರಿಗೂ, ಬರೆದು ಮುಗಿಯುವ ಮೊದಲೇ ಹೋಗಿಬಿಡದ ಹಾಗೆ, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಮತ್ತೆ ಓದಿದರೆ ಅಳಿಸುತ್ತೇನೆ ಎಂದು ಗೊತ್ತಿತ್ತು, ಒತ್ತಿಬಿಟ್ಟಳು. ಫೋನಿನಲ್ಲಿ ಐದನೇ ಮಹಡಿಯ ಕೆಮ್ಮಿನ ಮ್ಯಾನೇಜರು, ರೀ, ನನ್ನ ಕಡತ ಹೋಗ್ತಾನೇ ಇಲ್ಲ. ಎಷ್ಟು ದೊಡ್ಡದು ಸರ್. ನನಗೇನ್ರೀ ಗೊತ್ತು, ತೂಕ ಹಾಕಿ ನೋಡಿಲ್ಲ. ಅವರಿಗೆ ಆರು ನಿಮಿಷ. ಅಕ್ಕ ಈಗ ಓದಿರುತ್ತಾಳೆ, ಫೋನು ಯಾವಾಗಲೂ ಕೈಯಲ್ಲೇ ಇರುತ್ತದೆ ಅವಳಿಗೆ, ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿಗೆ ಹತ್ತಿರ ತಂದು ಓದುತ್ತಾಳೆ. ಎರಡು ಗಂಟೆ ನಲವತ್ತು. ಉತ್ತರವಿಲ್ಲ. ಎಡಗೈಗೆ ಸೂಜಿ ಚುಚ್ಚಿರಬಹುದು, ಬಲಗೈ ಇದೆಯಲ್ಲ. ನಲವತ್ತಮೂರು. ನಾಲ್ಕು ವರ್ಷದ ಹಿಂದೆ ಅಕ್ಕನ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, ಹೊರಗೆ ಗಾಳಿ ಇದೆ ಮರಿ ಎಂದು ಕಾಲರಿನ ಗುಂಡಿ ಹಾಕಲು ಬಂದಳು, ಯಾವತ್ತಿನಂತೆ, ಅಮ್ಮ ಹೋದ ವರ್ಷದಿಂದ ಶಾಲೆಗೆ ಹೊರಡುವಾಗ ಹಾಕಿದಂತೆ, ಇವಳಿಗೆ ಅಂದು ಏನಾಗಿತ್ತೋ, ಬಸ್ಸು ತಪ್ಪುವ ಗಡಿಬಿಡಿಯೋ, ಒಂಟಿ ಮನೆಗೆ ಹಿಂತಿರುಗುವ ಸಿಟ್ಟೋ, ಕೈ ತೆಗಿ, ನಿನಗೆ ಮಕ್ಕಳಾಗ್ಲಿಲ್ಲ ಅಂತ ನನ್ನನ್ನ ಮಗು ಮಾಡ್ಕೊಂಡಿದ್ದೀಯ ಎಂದುಬಿಟ್ಟಳು. ಅಕ್ಕನ ಬೆರಳು ಹಿಂದಕ್ಕೆ ಹೋದಾಗ ಗುಂಡಿಯೂ ದಾರ ಕಿತ್ತುಕೊಂಡು ಜೊತೆಗೆ ಹೋಯಿತು, ನೆಲಕ್ಕೆ ಬಿತ್ತು, ಉರುಳಿ ಉರುಳಿ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ತನ್ನ ಸುತ್ತಲೇ ಸುತ್ತತೊಡಗಿತು, ಇಬ್ಬರೂ ಅದನ್ನು ನೋಡುತ್ತ ನಿಂತರು, ಇಬ್ಬರೂ ಬಗ್ಗಲಿಲ್ಲ. ನಲವತ್ತಾರು. ಓದಿದಳು, ಉತ್ತರಿಸಲಿಲ್ಲ, ಸರಿಯೇ, ಮಾತು ಆಡಿದರೆ ಹೋಯಿತು, ಮತ್ತೊಂದು ಮಾತು ಕಳಿಸಿ ವಾಪಸು ತರಿಸುವುದಕ್ಕೆ ಅದೇನು ತಪ್ಪು ವಿಳಾಸದ ಕಾಗದವೇ.

ಎರಡು ಗಂಟೆ ನಲವತ್ತೇಳಕ್ಕೆ ತಂತ್ರಜ್ಞನ ಫೋನು, ಏನ್ ಮೇಡಂ, ಕಳಿಸ್ತೀರೋ ಇಲ್ವೋ, ಡಾಕ್ಟರು ಕೇಳ್ತಿದ್ದಾರೆ. ಕಳಿಸಿದೀನಲ್ಲ, ಎರಡೂವರೆಗೇ ಕಳಿಸಿದೀನಿ, ಸ್ಪ್ಯಾಮ್ ನೋಡಿ. ನೋಡ್ದೆ, ಇಲ್ಲ. ಸರಿಯಾಗಿ ನೋಡಿ. ಮೇಡಂ, ನನಗೂ ಎರಡು ಕಣ್ಣಿದೆ. ಕಳಿಸಿದೀನಿ ಅಂತ ಹೇಳ್ತಿದೀನಲ್ಲ — ಇದು ಯಾರ ದನಿ, ಇದು ಕೆಮ್ಮಿನ ಮ್ಯಾನೇಜರ ದನಿ, ದಿನಕ್ಕೆ ಇಪ್ಪತ್ತು ಜನ ಹೀಗೇ ಅನ್ನುತ್ತಾರೆ, ಆಗ ಅವಳು ತಣ್ಣಗೆ ಕೇಳುತ್ತಾಳೆ, ಯಾರಿಗೆ ಕಳಿಸಿದಿರಿ ಅಂತ ಒಂದ್ಸಲ ಓದಿ ಹೇಳ್ತೀರಾ. ಕಳಿಸಿದವುಗಳ ಪಟ್ಟಿ ತೆರೆದಳು. ಓದಿದಳು. ಅವಳ ಹೆಸರು. ಅದರ ಕೆಳಗೆ ಅವಳ ಹೆಸರು. ಅದರ ಕೆಳಗೆ. ಪರೀಕ್ಷೆಯ ಪತ್ರವನ್ನೇ ಮತ್ತೆ ತೆರೆದು ಕಳಿಸಿದರೆ ವಿಳಾಸವೂ ಅದೇ ಇರುತ್ತದೆ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಕಪಾಟು ತೆರೆದಳು, ನಾಲ್ಕು ಸಾವಿರದ ಮುನ್ನೂರ ಹದಿನೆಂಟು ಪತ್ರಗಳು, ಎಲ್ಲ ಅವಳಿಂದ, ಎಲ್ಲ ಅವಳಿಗೆ, ತುದಿಯಲ್ಲಿ ಕಪ್ಪಗೆ, ಯಾರೂ ಓದದ ಮೂರು. ಲೈನಲ್ಲೇ ಇರಿ ಎಂದಳು. ವಿಳಾಸ ಅಳಿಸಿದಳು, ಆಸ್ಪತ್ರೆಯದನ್ನು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಹಾಕಿದಳು, ಮುಂದಿನಿಂದ ತೆಗೆದದ್ದು, ನೀಲಿ ಪಟ್ಟಿ, ಪಕ್ಕದ್ದು, ನೀಲಿ ಪಟ್ಟಿ, ಎರಡು ಗಂಟೆ ಐವತ್ತೆರಡು. ಬಂತು ಮೇಡಂ, ಹಾ, ಎರಡೂ ಬಂತು, ತೆರೀತಿದೆ, ಇರಿ, ಡಾಕ್ಟರು ಇಲ್ಲೇ ಬಂದ್ರು. ಆ ಕಡೆ ಕುರ್ಚಿ ಎಳೆದ ಸದ್ದು, ಯಾರೋ ಸಂಖ್ಯೆ ಹೇಳುತ್ತಾರೆ, ಮತ್ಯಾರೋ ಮತ್ತೊಮ್ಮೆ ಅಳೀರಿ ಎನ್ನುತ್ತಾರೆ, ಅವಳು ಕಾಲರನ್ನು ಹಿಡಿದುಕೊಂಡು ಕೂತಿದ್ದಾಳೆ, ಪರದೆಯಲ್ಲಿ ಅಕ್ಕನಿಗೆ ಬರೆದ ಮೂರನೆಯದು ಉಳಿದಿದೆ, ಅದರ ವಿಳಾಸವನ್ನೂ ಅಳಿಸಿದ್ದಾಳೆ, ಒಂದು ಸಾಲು, ಎರಡು ಕೆಬಿ, ಉಬ್ಬಿದರೂ ಮೂರು, ಯಾವ ದ್ವಾರಪಾಲಕನೂ ತಡೆಯುವುದಿಲ್ಲ ಅದನ್ನು. ಅಕ್ಕ ಓದಿ ಸುಮ್ಮನಾಗಿರಲಿಲ್ಲ, ಅಕ್ಕನಿಗೆ ಅದು ಹೋಗೇ ಇರಲಿಲ್ಲ, ಹಾಗಾದರೆ ಇನ್ನೂ — ಮೇಡಂ, ಇದ್ದೀರಾ, ಒಳ್ಳೇ ಸುದ್ದಿ, ಆಗಲೂ ಒಂಬತ್ತು, ಈಗಲೂ ಒಂಬತ್ತು, ಕೂದಲೆಳೆ ಬೆಳೆದಿಲ್ಲ, ಕೊಯ್ಯೋದು ಬೇಡ ಅಂದ್ರು, ನಿಮ್ಮಕ್ಕ ಇಲ್ಲೇ ಗಾಲಿ ಕುರ್ಚಿಯಲ್ಲಿದ್ದಾರೆ, ಹೇಳ್ದೆ, ಅದಕ್ಕೆ ನೋಡಿ ಒಂದು ಮಾತು ಕೇಳಿದ್ರು, ಮರಿ ಊಟ ಬಿಟ್ಟು ಓಡಾಡಿರ್ತಾಳೆ, ಉಂಡ್ಳಾ ಕೇಳು ಅಂತ. ಮರಿ ಅಂದ್ರೆ ಯಾರು ಮೇಡಂ, ನಿಮ್ಮ ಮಗಳಾ. ಅವಳ ಬೆರಳು ವಿಳಾಸದ ಖಾಲಿ ಜಾಗದ ಮೇಲಿದೆ, ಅಲ್ಲಿ ಸಣ್ಣ ಗೆರೆ ಮಿನುಗುತ್ತಿದೆ, ಇದೆ, ಇಲ್ಲ, ಇದೆ, ಇಲ್ಲ, ಬಾಯಿ ತೆರೆದಿದೆ, ಹಲೋ ಮೇಡಂ, ಏನಂತ ಹೇಳ್ಲಿ ಅವರಿಗೆ, ಹಲೋ — ಅವತ್ತಿನ ಬಾಗಿಲಲ್ಲಿ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನೆಲದ ಮೇಲೆ ಗುಂಡಿ ಸುತ್ತುತ್ತಿದೆ, ಅಂಚಿನ ಮೇಲೆ ನಿಂತು, ಬಿಳಿ, ಗುಂಡಗೆ, ಒಂಬತ್ತು ಮಿಲಿಮೀಟರು, ಸುತ್ತುತ್ತಲೇ ಇದೆ, ಬೀಳುತ್ತಿಲ್ಲ